ಲಘು ಎಂಬ ಮಾತಿನ ಭಾರ

ಚನ್ನಪಟ್ಟಣದ ಹಳೆಯ ಮನೆಯೊಂದರ ಜಗಲಿ. ಹೊತ್ತು ಮುಳುಗಿದೆ. ಪಕ್ಕದ ಬೀದಿಯಲ್ಲಿ ಮರದ ಬೊಂಬೆ ಕಡೆಯುವ ಯಂತ್ರದ ಸದ್ದು ಆಗತಾನೆ ನಿಂತಿದೆ. ಜಗಲಿಯ ಮೇಲೆ ಇಬ್ಬರು ಕೂತಿದ್ದಾರೆ. ಒಬ್ಬರು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಖಾಕಿ ತೊಟ್ಟು 2018ರಲ್ಲಿ ನಿವೃತ್ತರಾದವರು. ಇದೇ ಊರಿನ ಪೊಲೀಸ್ ತರಬೇತಿ ಶಾಲೆಯಲ್ಲಿ ಕವಾಯತು ಕಲಿತು, ಕೊನೆಗೆ ಇದೇ ಊರಿನಲ್ಲಿ ನೆಲೆ ನಿಂತವರು. ಇನ್ನೊಬ್ಬಳು ಅವರ ತಮ್ಮನ ಮಗಳು. ಮಾಗಡಿಯವಳು, ರಾಮನಗರದ ಕೋರ್ಟಿನಲ್ಲಿ ವಕೀಲೆ. ಬಿಡದಿ ಬಳಿಯ ಉಪನಗರ ಯೋಜನೆಗೆ ಭೂಮಿ ಕೊಡುವುದಿಲ್ಲವೆಂದು ರೈತರು ಧರಣಿ ಕೂತಿರುವ ಬೈರಮಂಗಲಕ್ಕೆ ಅವಳು ಬೆಳಿಗ್ಗೆ ಹೊರಡಬೇಕು.

ದೊಡ್ಡಪ್ಪ: ಹೋಗ್ಬೇಡ ಅನ್ನಲ್ಲ ಮಗ. ಒಂದು ಬಾಟ್ಲಿ ನೀರು, ಒಂದು ಹತ್ತಿ ಟವೆಲು ಚೀಲದಲ್ಲಿಟ್ಕೊ. ಗಾಳಿ ಯಾವ ಕಡೆಯಿಂದ ಬೀಸ್ತಿದೆ ನೋಡ್ಕೊಂಡು ನಿಂತ್ಕೊ.

ವಕೀಲೆ: ಅಲ್ಲಿ ಕೂತಿರೋರು ಜಮೀನು ಹೋಗುತ್ತೆ ಅನ್ನೋ ಸಂಕಟದಲ್ಲಿರೋ ರೈತರು ದೊಡ್ಡಪ್ಪ. ಹೆಂಗಸರಿದ್ದಾರೆ, ವಯಸ್ಸಾದೋರಿದ್ದಾರೆ. ಅಂಥ ಕಡೆ ಹೋಗೋಕೂ ಗಾಳಿ ನೋಡ್ಬೇಕಾ?

ದೊಡ್ಡಪ್ಪ: ಜನ ಸೇರಿದ ಕಡೆ ಎಲ್ಲೇ ಆದ್ರೂ ನೋಡ್ಬೇಕು. ಅಲ್ಲಿ ಏನೋ ಆಗುತ್ತೆ ಅಂತಲ್ಲ. ಬಂದೋಬಸ್ತ್‌ಗೆ ಹೋದಾಗ ನಾನು ಮೊದಲು ನೋಡ್ತಿದ್ದದ್ದೇ ಅದು. ಜನ ಅಶ್ರುವಾಯು ಅಂತಾರೆ, ಆದ್ರೆ ಅದು ವಾಯು ಅಲ್ಲ. ಬಲು ಸಣ್ಣ ಪುಡಿ, ಹೊಗೆ ಜೊತೆ ಹರಡುತ್ತೆ. ಗಾಳಿ ತಿರುಗಿದ್ರೆ ಹಾರಿಸಿದವನ ಕಣ್ಣಿಗೇ ವಾಪಸ್ ಬರುತ್ತೆ. ಕಣ್ಣುರಿ ಬಂದ್ರೆ ಉಜ್ಜಬೇಡ. ಉಜ್ಜಿದ್ರೆ ಪುಡಿ ಇನ್ನೂ ಒಳಕ್ಕೆ ಹೋಗುತ್ತೆ. ಗಾಳಿಗೆ ಮುಖ ಕೊಟ್ಟು ನಿಂತು ನೀರಲ್ಲಿ ತೊಳ್ಕೊ.

ವಕೀಲೆ: ಇಷ್ಟೆಲ್ಲ ಗೊತ್ತಿದ್ದೂ ಅದನ್ನ ಜನರ ಮೇಲೆ ಹಾಕ್ತೀರಲ್ಲ.

ದೊಡ್ಡಪ್ಪ: ಗೊತ್ತಿರೋದ್ರಿಂದಲೇ ಹಾಕ್ತೀವಿ. ಅರ್ಧ ಗಂಟೆ ಉರಿದು ಹೋಗುತ್ತೆ. ಗುಂಡು ಹಾಗೆ ಹೋಗಲ್ಲ ಕಣಮ್ಮ. ನಮ್ಮ ಕೈಯಲ್ಲಿ ಅಶ್ರುವಾಯು ಇಲ್ಲದೆ ಬರೀ ರೈಫಲ್ ಇದ್ದಿದ್ರೆ ಏನಾಗ್ತಿತ್ತು ಅಂತ ಯೋಚನೆ ಮಾಡಿದ್ದೀಯಾ?

ವಕೀಲೆ: ಮಾಡಿದ್ದೀನಿ. ಇನ್ನೊಂದು ಯೋಚನೆನೂ ಮಾಡಿದ್ದೀನಿ. ನಿಮ್ಮ ಕೈಯಲ್ಲಿ ಬರೀ ರೈಫಲ್ ಇದ್ದಿದ್ರೆ ಅದನ್ನ ಎತ್ತೋಕೆ ಮುಂಚೆ ಹತ್ತು ಸಲ ಹಿಂಜರೀತಿದ್ರಿ. ಲಾಠಿ, ಶೆಲ್, ಜಲಫಿರಂಗಿ ಇದ್ರೆ ಆ ಹಿಂಜರಿಕೆ ಇರಲ್ಲ. ಪ್ರಾಣ ಹೋಗಲ್ಲ ಅಂತ ಹೆಸರಿಟ್ಟ ತಕ್ಷಣ ಕೈ ಬೇಗ ಏಳುತ್ತೆ. ನಮ್ಮ ಪತ್ರಿಕೆಗಳಲ್ಲಿ ಒಂದು ಮಾತು ಬರುತ್ತಲ್ಲ, ‘ಪೊಲೀಸರು ಲಘು ಲಾಠಿ ಪ್ರಹಾರ ನಡೆಸಿ ಗುಂಪು ಚದುರಿಸಿದರು’ ಅಂತ? ಆ ಲಘು ಅನ್ನೋ ಮಾತು ಓದಿದಾಗೆಲ್ಲ ನನಗೆ ನಮ್ಮ ಅಮ್ಮನ ಕಾಲು ನೆನಪಾಗುತ್ತೆ.

ದೊಡ್ಡಪ್ಪನ ಮುಖ ಒಂದಿಷ್ಟು ಕೆಳಗಾಯಿತು. ಆ ಕಾಲಿನ ಕಥೆ ಇಬ್ಬರಿಗೂ ಗೊತ್ತು. ಆದರೆ ಎದುರುಬದುರು ಕೂತು ಅದನ್ನು ಆಡಿದ್ದು ಇದೇ ಮೊದಲು.

ವಕೀಲೆ: 2016ರ ಏಪ್ರಿಲ್ 19. ಅಮ್ಮ ಆಗ ಪೀಣ್ಯದ ಕಡೆ ಗಾರ್ಮೆಂಟ್ಸ್‌ಗೆ ಹೋಗ್ತಿದ್ರು. ಪಿಎಫ್‌ನಲ್ಲಿ ಮಾಲೀಕರ ಪಾಲಿನ ದುಡ್ಡನ್ನ 58 ವರ್ಷ ತುಂಬೋವರೆಗೆ ತೆಗೆಯೋ ಹಾಗಿಲ್ಲ ಅಂತ ಕೇಂದ್ರ ಸರ್ಕಾರ ಹೊಸ ನಿಯಮ ತಂದಿತ್ತು. ಮಗಳ ಮದುವೆಗೆ, ಮನೆ ಗೋಡೆಗೆ ಅಂತ ಆ ದುಡ್ಡನ್ನೇ ನಂಬಿಕೊಂಡಿದ್ದ ಹೆಂಗಸರು ಹಿಂದಿನ ದಿನವೇ ರಸ್ತೆಗಿಳಿದಿದ್ರು. ಜಾಲಹಳ್ಳಿ ಕ್ರಾಸ್ ಹತ್ತಿರ ಓಡ್ತಾ ಇದ್ದಾಗ ಅಮ್ಮನ ಮಂಡಿ ಹಿಂದೆ ಏಟು ಬಿತ್ತು. ರಾತ್ರಿ ಮನೆಗೆ ಬಂದು ಸೀರೆ ಎತ್ತಿ ತೋರಿಸಿದ್ರು. ಅಂಗೈ ಅಗಲ ಕಲೆ, ನೇರಳೆ ಹಣ್ಣಿನ ಬಣ್ಣ, ನಡುವೆ ಒಂದು ಬಿಳಿ ಗೆರೆ. ಒಂದು ವಾರ ಬೋರಲಾಗಿ ಮಲಗಿದ್ರು. ಮೆಟ್ಟಿಲು ಇಳಿಯುವಾಗ ಇವತ್ತಿಗೂ ಆ ಕಾಲನ್ನ ನಿಧಾನವಾಗಿ ಇಡ್ತಾರೆ. ಅದು ಲಘುವೇ ದೊಡ್ಡಪ್ಪ?

ದೊಡ್ಡಪ್ಪ: ಅವತ್ತು ನಾನೆಲ್ಲಿದ್ದೆ ಗೊತ್ತಾ? ಹೊಸೂರು ರಸ್ತೆ, ಹೆಬ್ಬಗೋಡಿ ಕಡೆ. ನಿನ್ನಮ್ಮ ಊರಿನ ಒಂದು ತುದಿ, ನಾನು ಇನ್ನೊಂದು ತುದಿ. ಅಲ್ಲಿ ಠಾಣೆಗೇ ನುಗ್ಗಿದ್ರು. ವಾಹನಗಳು ಉರೀತಿದ್ವು. ಹೆಲ್ಮೆಟ್ ಮೇಲೆ ಕಲ್ಲು ಬಿದ್ರೆ ಹೊರಗಿನವರಿಗೆ ಟಕ್ ಅಂತ ಕೇಳುತ್ತೆ. ಒಳಗಿರೋನಿಗೆ ತಲೆಯೊಳಗೇ ಗಂಟೆ ಹೊಡೆದ ಹಾಗಾಗುತ್ತೆ. ಬೆಳಿಗ್ಗೆ ಐದು ಗಂಟೆಗೆ ಹೊರಟೋರಿಗೆ ಮಧ್ಯಾಹ್ನ ಮೂರಾದ್ರೂ ಊಟ ಇಲ್ಲ. ನನ್ನ ಪಕ್ಕ ನಿಂತಿದ್ದ ಹುಡುಗನಿಗೆ ಇಪ್ಪತ್ನಾಲ್ಕು ವರ್ಷ. ತುಟಿ ಒಡೆದು ರಕ್ತ ಸುರೀತಿತ್ತು, ಆದ್ರೂ ಶೀಲ್ಡ್ ಹಿಡ್ಕೊಂಡೇ ನಿಂತಿದ್ದ. ಅವನಿಗೂ ಪಿಎಫ್ ಕಷ್ಟ ಏನಂತ ಗೊತ್ತಿತ್ತು. ಅವನ ಅಕ್ಕನೂ ಗಾರ್ಮೆಂಟ್ಸ್‌ನವಳೇ.

ವಕೀಲೆ: ಆ ಹುಡುಗನ ತುಟಿಗೆ ನಮ್ಮಮ್ಮ ಕಲ್ಲು ಹೊಡೆದಿರಲಿಲ್ಲ.

ದೊಡ್ಡಪ್ಪ: ನಿನ್ನಮ್ಮನ ಕಾಲಿಗೆ ಆ ಹುಡುಗನೂ ಹೊಡೆದಿರಲಿಲ್ಲ. ಗುಂಪಿನ ದೊಡ್ಡ ಅನ್ಯಾಯ ಇರೋದೇ ಇಲ್ಲಿ. ಒಬ್ಬ ಎಸೀತಾನೆ, ಇನ್ನೊಬ್ಬಳಿಗೆ ಏಟು ಬೀಳುತ್ತೆ.

ವಕೀಲೆ: ಆ ಅನ್ಯಾಯ ಗುಂಪಿನದು ಮಾತ್ರ ಅಲ್ಲ, ಆಯುಧದ್ದೂ ಹೌದು. ಹೊಗೆಗೆ ತಪ್ಪು ಮಾಡಿದವನು ಯಾರು, ದಾರಿಹೋಕ ಯಾರು ಅಂತ ಗೊತ್ತಾಗಲ್ಲ. ಇನ್ನೊಂದು ವಿಷಯ ನೋಡಿ. ಅದೇ 19ರಂದು ಕೇಂದ್ರ ಸರ್ಕಾರ ಆ ನಿಯಮ ವಾಪಸ್ ತಗೊಳ್ತು. ಎರಡೇ ದಿನದಲ್ಲಿ ಆ ಹೆಂಗಸರು ಕೇಳಿದ್ದು ಸರಿ ಅಂತಾಯ್ತು. ಅಮ್ಮನ ಕಾಲಿನ ಏಟನ್ನ ಮಾತ್ರ ಯಾರೂ ವಾಪಸ್ ತಗೊಳ್ಳಲಿಲ್ಲ.

ದೊಡ್ಡಪ್ಪ: ಅದಕ್ಕೆ ನನ್ನ ಹತ್ರ ಉತ್ತರ ಇಲ್ಲ. ಆದ್ರೆ ನಮ್ಮ ಕಷ್ಟನೂ ಒಂದು ಕೇಳು. ಆ ಎರಡು ದಿನ ಆ ಜನಕ್ಕೆ ನಾಯಕರೇ ಇರಲಿಲ್ಲ. ಬಾವುಟ ಇಲ್ಲ, ಸಂಘ ಇಲ್ಲ, ಮೈಕ್ ಇಲ್ಲ. ನಮ್ಮ ಸಾಹೇಬ್ರು ‘ಯಾರಮ್ಮ ಮಾತಾಡೋರು, ಮುಂದೆ ಬನ್ನಿ’ ಅಂತ ಕೂಗ್ತಾನೇ ಇದ್ರು. ಸಾವಿರಾರು ಜನ, ಒಬ್ರೂ ಮುಂದೆ ಬರಲಿಲ್ಲ. ಮಾತಿಗೆ ಆ ಕಡೆ ಒಂದು ಕಿವಿ ಬೇಕು ಕಣವ್ವ.

ವಕೀಲೆ: ಕಿವಿ ಇದ್ದ ಕಡೆ ಏನಾಯ್ತು ಅಂತ ನಮ್ಮ ಜಿಲ್ಲೆಯಲ್ಲೇ ನೋಡಿದ್ದೀವಲ್ಲ. 2022ರ ಜನವರಿ 9ಕ್ಕೆ ಮೇಕೆದಾಟು ಪಾದಯಾತ್ರೆ ಕನಕಪುರದ ಸಂಗಮದಿಂದ ಹೊರಟಿತು. ಕೊರೊನಾ ನಿರ್ಬಂಧ ಜಾರಿಯಲ್ಲಿತ್ತು. ಕಾನೂನಿನ ಲೆಕ್ಕದಲ್ಲಿ ಅಷ್ಟು ಜನ ಸೇರೋ ಹಾಗೇ ಇರಲಿಲ್ಲ. ಕೇಸು ದಾಖಲಾದ್ವು, ಹೈಕೋರ್ಟ್ ಪ್ರಶ್ನೆ ಮಾಡ್ತು, ಸರ್ಕಾರ ನಿಷೇಧಿಸಿತು, 13ಕ್ಕೆ ರಾಮನಗರದಲ್ಲಿ ಯಾತ್ರೆ ನಿಂತಿತು. ಕಾಗದದ ಮೇಲೆ ಶುರುವಾಗಿದ್ದು ಕಾಗದದ ಮೇಲೇ ಮುಗೀತು. ಮುಂದೆ ದೊಡ್ಡ ನಾಯಕರು ನಡೆದ್ರೆ ಇಲಾಖೆಗೆ ಐದು ದಿನದ ತಾಳ್ಮೆ ಇರುತ್ತೆ. ಹೊಲಿಗೆ ಮಿಷನ್ನಿನ ಹೆಂಗಸರು ನಡೆದ್ರೆ ಅದು ಐದು ಗಂಟೆಗೇ ಮುಗಿಯುತ್ತೆ.

ದೊಡ್ಡಪ್ಪ: ಹಾಗಂದ್ರೆ ಅರ್ಧ ಸತ್ಯ ಆಗುತ್ತೆ. ಪಾದಯಾತ್ರೆಯಲ್ಲಿ ಯಾರೂ ಠಾಣೆಗೆ ಬೆಂಕಿ ಹಚ್ಚೋಕೆ ಬರಲಿಲ್ಲ. ಅದಕ್ಕೆ ಎರಡು ವರ್ಷಕ್ಕೂ ಹಿಂದೆ, 2019ರ ಸೆಪ್ಟೆಂಬರ್‌ನಲ್ಲಿ, ಇದೇ ಕನಕಪುರ, ರಾಮನಗರದ ಕಡೆ ನಾಯಕರ ಬಂಧನ ಅಂತ ಬಸ್ಸುಗಳಿಗೆ ಕಲ್ಲು ಬಿತ್ತಲ್ಲ, ಆಗ ಬಸ್ಸಿನೊಳಗೆ ಕೂತವರೂ ಬಡವರೇ. ಲಾಠಿ ಎತ್ತಬೇಡಿ ಅನ್ನೋರು ಆ ಬಸ್ಸಿನಲ್ಲಿ ಮಗು ಎತ್ಕೊಂಡು ಕೂತಿರೋ ತಾಯಿಗೆ ಏನು ಹೇಳ್ತಾರೆ?

ವಕೀಲೆ: ಲಾಠಿ ಬೇಡವೇ ಬೇಡ ಅಂತ ನಾನು ಯಾವತ್ತೂ ಅಂದಿಲ್ಲ.

ದೊಡ್ಡಪ್ಪ: ಇರು, ಹಳೇದೊಂದು ಹೇಳ್ತೀನಿ. 1980ರ ಜುಲೈ 21, ನರಗುಂದ, ನವಲಗುಂದ. ಮಲಪ್ರಭಾ ನೀರಾವರಿ ಪ್ರದೇಶದ ರೈತರು ಅಭಿವೃದ್ಧಿ ಕರ ಕಟ್ಟಲ್ಲ ಅಂತ ನಿಂತಿದ್ರು. ಆಗಿನ ಸಣ್ಣ ಊರಿನ ಠಾಣೆಯಲ್ಲಿ ಲಾಠಿ ಆದ್ಮೇಲೆ ರೈಫಲೇ. ಗೋಲಿಬಾರ್ ಆಯ್ತು. ರೈತರೂ ಸತ್ರು, ಪೊಲೀಸರೂ ಸತ್ರು. ರೈತ ಸಂಘ ಹುಟ್ಟಿದ್ದು ಆ ರಕ್ತದಲ್ಲಿ. ಆಮೇಲೆ 2008ರ ಜೂನ್ 10, ಹಾವೇರಿ. ಗೊಬ್ಬರ ಕೊಡಿ ಅಂತ ಕೇಳಿದ ರೈತರ ಮೇಲೆ ಗುಂಡು ಹಾರಿತು. ಇಬ್ಬರು ಸತ್ರು. ಗೊಬ್ಬರಕ್ಕೆ ಪ್ರಾಣ! ಇಂಥ ಸುದ್ದಿ ಕೇಳಿದಾಗೆಲ್ಲ ನನಗೆ ಅನ್ನಿಸೋದು ಒಂದೇ. ಮಾತಿಗೂ ಗುಂಡಿಗೂ ನಡುವೆ ಇನ್ನೊಂದು ಮೆಟ್ಟಿಲು ಇದ್ದಿದ್ರೆ, ಆ ಮನೆಗಳಲ್ಲಿ ದೀಪ ಆರ್ತಿರಲಿಲ್ಲ.

ವಕೀಲೆ: ಮೆಟ್ಟಿಲು ಇದ್ದ ಕಡೆ ಗುಂಡು ನಿಂತಿತಾ? 2019ರ ಡಿಸೆಂಬರ್ 19ಕ್ಕೆ ಮಂಗಳೂರಲ್ಲಿ ಪೌರತ್ವ ಕಾಯ್ದೆ ವಿರುದ್ಧ ಜನ ಸೇರಿದಾಗ ಲಾಠಿನೂ ಇತ್ತು, ಅಶ್ರುವಾಯುನೂ ಇತ್ತು. ಆದ್ರೂ ಗುಂಡು ಹಾರಿ ಇಬ್ಬರು ಸತ್ರು. ಕೆಲವು ಸಲ ಆ ಮೆಟ್ಟಿಲುಗಳು ಕೆಳಗಿಳಿಯೋಕಲ್ಲ, ಮೇಲೆ ಹತ್ತೋಕೇ ಇರ್ತವೆ. ಜನ ಲಾಠಿಗೆ ರೊಚ್ಚಿಗೆದ್ದು ಕಲ್ಲು ಎತ್ತುತ್ತಾರೆ, ಕಲ್ಲಿಗೆ ಶೆಲ್ ಬರುತ್ತೆ, ಕೊನೆಗೆ ಗುಂಡು. 2016ರ ಸೆಪ್ಟೆಂಬರ್ 12, ಕಾವೇರಿ ಗಲಭೆ ನಿಮಗೆ ಮರೆತಿರಲಿಕ್ಕಿಲ್ಲ.

ದೊಡ್ಡಪ್ಪ: ಮರೆಯೋದಾ? ಮೈಸೂರು ರಸ್ತೆ ಉದ್ದಕ್ಕೂ ಅವತ್ತು ನಿದ್ದೆ ಇಲ್ಲ.

ವಕೀಲೆ: ಬೆಂಗಳೂರಿನ ಹೆಗ್ಗನಹಳ್ಳಿಯಲ್ಲಿ ಒಬ್ಬ ಗುಂಡಿಗೆ ಸತ್ತ. ಅದು ಎಲ್ಲರಿಗೂ ನೆನಪಿದೆ. ಇನ್ನೊಬ್ಬನೂ ಸತ್ತ. ಲಾಠಿ ಬೀಸಿದಾಗ ತಪ್ಪಿಸಿಕೊಳ್ಳೋಕೆ ಹೋಗಿ ಕಟ್ಟಡದ ಮೇಲಿಂದ ಬಿದ್ದು ಸತ್ತ. ಅವನ ಸಾವಿನಲ್ಲಿ ಆಯುಧ ಯಾವುದು ದೊಡ್ಡಪ್ಪ? ಲಾಠಿಯಾ, ಎತ್ತರವಾ, ಭಯವಾ? ಪ್ರಾಣ ತೆಗೆಯಲ್ಲ ಅಂತ ಹೆಸರಿಟ್ಟ ಆಯುಧ ಪ್ರಾಣ ತೆಗೆಯೋದು ಹೀಗೆ, ಪಕ್ಕದ ದಾರಿಯಿಂದ.

ದೊಡ್ಡಪ್ಪ ಎದ್ದು ಬಾಗಿಲ ಸಂದಿಯಿಂದ ಒಂದು ಬಿದಿರಿನ ಕೋಲು ತಂದರು. ಸರ್ಕಾರಿ ಲಾಠಿಯನ್ನು ಅವರು ನಿವೃತ್ತಿಯ ದಿನವೇ ಒಪ್ಪಿಸಿದ್ದರು. ಇದು ಕೈಗೆ ರೂಢಿಯಾದ ಅಳತೆಗೆ ಕಡಿಸಿಕೊಂಡದ್ದು, ಹಾವು ನಾಯಿಗಳಿಗೆಂದು ಇಟ್ಟದ್ದು. ಹಿಡಿಯುವ ಕಡೆ ಸವೆದು ನುಣುಪಾಗಿದೆ. ಅವರು ಅದನ್ನು ಎರಡು ಸಲ ಜಗಲಿಯ ಅಂಚಿಗೆ ಹೊಡೆದರು. ಮೊದಲ ಸಲ ಮಣಿಕಟ್ಟು ಮಾತ್ರ ಆಡಿತು, ಚಟ್ ಎಂದು ಸದ್ದಾಯಿತು. ಎರಡನೇ ಸಲ ಭುಜ ಎದ್ದು ಇಳಿಯಿತು. ಜಗಲಿಯ ಕಲ್ಲು ನಡುಗಿದಂತಾಗಿ ಬೀದಿಯ ನಾಯಿ ಓಡಿತು.

ದೊಡ್ಡಪ್ಪ: ಇದೇ ನೋಡು. ಮಣಿಕಟ್ಟಿನ ಏಟಿಗೆ ಉರಿ ಬರುತ್ತೆ, ಮನುಷ್ಯ ಓಡ್ತಾನೆ. ಭುಜದ ಏಟಿಗೆ ಮೂಳೆ ಮುರಿಯುತ್ತೆ. ಕೋಲು ಒಂದೇ. ತರಬೇತಿ ಶಾಲೆಯ ಮೈದಾನದಲ್ಲಿ ಉಸ್ತಾದರು ನಮಗೆ ದಿನಾ ಕೂಗಿ ಹೇಳ್ತಿದ್ರು, ಸೊಂಟದ ಕೆಳಗೆ, ಸೊಂಟದ ಕೆಳಗೆ ಅಂತ. ತಲೆಗೆ ಹೊಡೆದೋನು ಪೊಲೀಸ್ ಅಲ್ಲ ಅಂತಿದ್ರು. ಲಘು ಅನ್ನೋದು ಬರಿ ಮಾತಲ್ಲ ಮಗ, ಅದು ಭುಜದಲ್ಲಿರೋ ವಿದ್ಯೆ. ಕಲಿಸಿದ್ರೆ ಬರುತ್ತೆ. ಹದಿನಾಲ್ಕು ಗಂಟೆ ಹಸಿದು ನಿಂತೋನಿಗೆ, ತಲೆಗೆ ಕಲ್ಲು ಬಿದ್ದೋನಿಗೆ, ಅದು ಮರೆತೂ ಹೋಗುತ್ತೆ.

ವಕೀಲೆ: ಈಗ ನೀವು ನನ್ನ ಮಾತನ್ನೇ ಹೇಳಿದ್ರಿ. ಆಯುಧದ ಹೆಸರಲ್ಲಿ ದಯೆ ಇಲ್ಲ, ಹಿಡಿದ ಕೈಯಲ್ಲಿ ಇದೆ. ಹಾಗಿದ್ರೆ ಆ ಹೆಸರನ್ನ ನಂಬಿ ಯಾಕೆ ಕೂರ್ಬೇಕು? 2020ರಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿ ಈ ಆಯುಧಗಳ ಬಗ್ಗೆ ಒಂದು ಮಾರ್ಗಸೂಚಿ ತಂದಿದೆ. ಅದರಲ್ಲಿ ಇವನ್ನ ಮಾರಕವಲ್ಲದ ಆಯುಧ ಅಂತ ಕರೆಯಲ್ಲ, ಕಡಿಮೆ ಮಾರಕ ಅಂತ ಕರೀತಾರೆ. ಆ ‘ಕಡಿಮೆ’ ಅನ್ನೋ ಮಾತು ಪ್ರಾಮಾಣಿಕವಾದದ್ದು. ಉತ್ತರ ಐರ್ಲೆಂಡಿನಲ್ಲಿ 1970ರಲ್ಲಿ ರಬ್ಬರ್ ಗುಂಡು ತಂದ್ರು. ನೆಲಕ್ಕೆ ಹೊಡೆದು ಪುಟಿಸಿ ಕಾಲಿಗೆ ತಾಗಿಸೋದು ಅಂತ ಲೆಕ್ಕ. ಆಮೇಲೆ ಪ್ಲಾಸ್ಟಿಕ್ ಗುಂಡು ಬಂತು. ಎರಡರಿಂದ ಸತ್ತವರು 17 ಜನ. 2017ರಲ್ಲಿ ‘ಬಿಎಂಜೆ ಓಪನ್’ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಒಂದು ಸಮೀಕ್ಷೆ, ಇಂಥ ಗುಂಡುಗಳಿಂದ ಗಾಯಗೊಂಡ 1,984 ಜನರ ದಾಖಲೆಗಳನ್ನ ಒಟ್ಟುಗೂಡಿಸಿತು. ಅವರಲ್ಲಿ 53 ಜನ ಸತ್ತಿದ್ರು, 300 ಜನ ಶಾಶ್ವತವಾಗಿ ಅಂಗವಿಕಲರಾಗಿದ್ರು. ಕಾಶ್ಮೀರದಲ್ಲಿ 2016ರಲ್ಲಿ ಪೆಲೆಟ್ ಬಿದ್ದ ಕಣ್ಣುಗಳ ವಿಷಯ ನಿಮಗೆ ಹೇಳಬೇಕಾಗಿಲ್ಲ.

ದೊಡ್ಡಪ್ಪ: ಪೆಲೆಟ್ ಗನ್ನನ್ನ ನಾನು ಸಮರ್ಥಿಸಲ್ಲ. ಒಂದು ತೋಟಾದಿಂದ ನೂರಾರು ಸೀಸದ ಕಾಳು ಹರಡಿಕೊಂಡು ಹೋಗುತ್ತೆ. ಎಲ್ಲಿಗೆ ಗುರಿ ಇಟ್ಟೆ ಅಂತ ಹೇಳೋಕೆ ಆಗದ ಆಯುಧ ಪೊಲೀಸನ ಆಯುಧ ಅಲ್ಲ. ಆದ್ರೆ ಅಶ್ರುವಾಯುನ ಅದರ ಸಾಲಿಗೆ ಸೇರಿಸಬೇಡ.

ವಕೀಲೆ: 1993ರ ರಾಸಾಯನಿಕ ಅಸ್ತ್ರಗಳ ಒಪ್ಪಂದದ ಪ್ರಕಾರ ಯುದ್ಧಭೂಮಿಯಲ್ಲಿ ಅಶ್ರುವಾಯು ಬಳಸೋ ಹಾಗಿಲ್ಲ. ನಮ್ಮ ದೇಶನೂ ಒಪ್ಪಿದೆ. ಶತ್ರು ಸೈನಿಕನ ಮೇಲೆ ಹಾಕಬಾರದ್ದನ್ನ ನಮ್ಮೂರಿನ ಹೆಂಗಸಿನ ಮೇಲೆ ಹಾಕಬಹುದು. ಇದು ನಿಮಗೆ ವಿಚಿತ್ರ ಅನ್ನಿಸಲ್ವಾ?

ದೊಡ್ಡಪ್ಪ: ಮೊದಲ ಸಲ ಕೇಳಿದಾಗ ನನಗೂ ಅನ್ನಿಸಿತ್ತು. ಆಮೇಲೆ ನಮ್ಮ ಅಧಿಕಾರಿಯೊಬ್ಬರು ಕಾರಣ ಹೇಳಿದ್ರು. ಯುದ್ಧದಲ್ಲಿ ದೂರದಿಂದ ಹೊಗೆ ಎದ್ರೆ, ಅದು ಕಣ್ಣೀರಿನದೋ, ಪ್ರಾಣ ತೆಗೆಯೋ ವಿಷದ್ದೋ ಎದುರಿನವನಿಗೆ ಗೊತ್ತಾಗಲ್ಲ. ಅವನು ನಿಜವಾದ ವಿಷವನ್ನೇ ತಿರುಗಿ ಹಾಕಿಬಿಟ್ರೆ? ಅದಕ್ಕೇ ಅಲ್ಲಿ ಯಾವುದೂ ಬೇಡ ಅಂತ ಗೆರೆ ಎಳೆದ್ರು. ಊರಿನ ಗಲಾಟೆಯಲ್ಲಿ ಆ ಭಯ ಇಲ್ಲ. ನಮ್ಮ ಶೆಲ್ ಗ್ವಾಲಿಯರ್ ಹತ್ತಿರದ ಟೇಕನ್‌ಪುರದಲ್ಲಿ ಆಗೋದು. ಗಡಿ ಭದ್ರತಾ ಪಡೆಯ ಘಟಕ, 1976ರಿಂದ ಇದೆ. ಅದನ್ನ ನೇರ ಜನರ ಎದೆಗೆ ಹಾರಿಸಬಾರದು, ಓರೆಯಾಗಿ ಮೇಲಕ್ಕೆ ಹಾರಿಸಬೇಕು. ನಿಯಮ ಬಿಟ್ರೆ ಅದೂ ಗುಂಡೇ, ಒಪ್ಪಿದೆ.

ವಕೀಲೆ: ನಿಯಮದಂತೆ ಹಾರಿಸಿದ್ರೂ ಜನ ಓಡೋಕೆ ದಾರಿ ಇರಬೇಕಲ್ಲ. 2022ರ ಅಕ್ಟೋಬರ್ 1ಕ್ಕೆ ಇಂಡೋನೇಷ್ಯಾದ ಕಂಜುರುಹಾನ್ ಕ್ರೀಡಾಂಗಣದಲ್ಲಿ ಏನಾಯ್ತು? ಫುಟ್‌ಬಾಲ್ ಪಂದ್ಯ ಮುಗಿದ್ಮೇಲೆ ಅಭಿಮಾನಿಗಳು ಮೈದಾನಕ್ಕಿಳಿದ್ರು. ಪೊಲೀಸರು ಅಶ್ರುವಾಯು ಹಾರಿಸಿದ್ರು. ಜನ ಕಣ್ಣು ಕಾಣದೆ ಬಾಗಿಲುಗಳ ಕಡೆ ಓಡಿದ್ರು. ಬಾಗಿಲು ಕಿರಿದು, ಕೆಲವು ಮುಚ್ಚಿದ್ವು. 135 ಜನ ಸತ್ರು. ಅಷ್ಟು ಸಾವಿಗೆ ಒಂದೇ ಒಂದು ಗುಂಡೂ ಬೇಕಾಗಲಿಲ್ಲ.

ದೊಡ್ಡಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಒಳಗಿನಿಂದ ಕಾಫಿ ಬಂತು. ಲೋಟ ಕೈಯಲ್ಲಿ ಹಿಡಿದೇ ಮುಂದುವರಿಸಿದರು.

ದೊಡ್ಡಪ್ಪ: ನಮ್ಮ ಕಡೆ ಆನೆ ಓಡಿಸೋದನ್ನ ನೀನು ನೋಡಿದ್ದೀಯಲ್ಲ. ಕಾವೇರಿ ವನ್ಯಧಾಮದ ಕಡೆಯಿಂದ ರಾಗಿ ಹೊಲಕ್ಕೆ, ಬಾಳೆ ತೋಟಕ್ಕೆ ಇಳೀತವೆ. ಅನುಭವ ಇರೋನು ಮೊದಲು ಪಟಾಕಿ ಕೈಗೆ ತಗೊಳ್ಳಲ್ಲ. ಆನೆ ಯಾವ ದಾರೀಲಿ ಬಂತು, ಯಾವ ದಾರೀಲಿ ಹೋಗಬಲ್ಲದು ಅಂತ ನೋಡ್ತಾನೆ. ಆ ದಾರೀಲಿ ನಿಂತಿರೋ ಜನರನ್ನ ಬದಿಗೆ ಸರಿಸ್ತಾನೆ. ಆಮೇಲೆ ಎದುರು ದಿಕ್ಕಿನಿಂದ ಸದ್ದು ಮಾಡ್ತಾನೆ. ದಾರಿ ಬಿಡದೆ ನಾಲ್ಕೂ ಕಡೆಯಿಂದ ಪಟಾಕಿ ಹಚ್ಚಿದ್ರೆ ಆನೆ ಮನುಷ್ಯನ ಮೇಲೇ ಬರುತ್ತೆ. ನಾನು ಇಲಾಖೆಯಲ್ಲಿ ಕಲಿತದ್ದು ಕೊನೆಗೆ ಅಷ್ಟೇ. ಮೊದಲು ದಾರಿ, ಆಮೇಲೆ ಸದ್ದು.

ವಕೀಲೆ: ಕಾನೂನೂ ಅದನ್ನೇ ಹೇಳುತ್ತೆ ದೊಡ್ಡಪ್ಪ, ಬೇರೆ ಮಾತಿನಲ್ಲಿ. ಮೊದಲು ಸಿಆರ್‌ಪಿಸಿಯ 129ನೇ ಕಲಮು, 2024ರ ಜುಲೈಯಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 148ನೇ ಕಲಮು. ಮೊದಲು ಚದುರಿ ಅಂತ ಆಜ್ಞೆ ಕೊಡಬೇಕು. ಜನ ಕೇಳದಿದ್ರೆ, ಇಲ್ಲಾ ಚದುರೋದೇ ಇಲ್ಲ ಅಂತ ನಡ್ಕೊಂಡ್ರೆ ಮಾತ್ರ ಬಲ. ಆದ್ರೆ ಆಜ್ಞೆ ಎಷ್ಟು ಸಲ ಕೊಟ್ರು, ಹಿಂದಿನ ಸಾಲಿಗೆ ಕೇಳಿಸ್ತಾ, ಎಷ್ಟು ನಿಮಿಷ ಬಿಟ್ರು? ಅದನ್ನ ಯಾರು ಬರೆದಿಡ್ತಾರೆ? ಗೋಲಿಬಾರ್ ಆದ್ರೆ ಮ್ಯಾಜಿಸ್ಟೀರಿಯಲ್ ತನಿಖೆ ಆಗುತ್ತೆ, ಯಾರ ಕೋವಿಯಿಂದ ಎಷ್ಟು ಸುತ್ತು ಹಾರಿತು ಅಂತ ಲೆಕ್ಕ ಆಗುತ್ತೆ. ಲಾಠಿ ಪ್ರಹಾರಕ್ಕೆ ಮಾರನೇ ದಿನ ಪತ್ರಿಕೆಯಲ್ಲಿ ಒಂದು ಸಾಲು, ಅದರಲ್ಲೂ ಒಂದು ‘ಲಘು’. ನಮ್ಮಮ್ಮನ ಕಾಲು ಯಾವ ಪುಸ್ತಕದಲ್ಲಿ ದಾಖಲಾಗಿದೆ ಹೇಳಿ.

ದೊಡ್ಡಪ್ಪ: ಪ್ರತಿ ಏಟಿಗೂ ಲೆಕ್ಕ ಕೊಡು ಅಂದ್ರೆ ಕಾನ್‌ಸ್ಟೆಬಲ್ ಕೈ ಕಟ್ಕೊಂಡು ನಿಲ್ತಾನೆ. ಬಸ್ ಉರಿಯೋವಾಗಲೂ ನಿಲ್ತಾನೆ. ಇನ್ನೊಂದು ಹೇಳ್ಲಾ? ಲೆಕ್ಕ ಕೇಳಿದಾಗ ಸಿಕ್ಕಿಬೀಳೋನು ಕೆಳಗಿನೋನೇ. ‘ಹೋಗಿ ಚದುರಿಸಿ’ ಅಂತ ವೈರ್‌ಲೆಸ್‌ನಲ್ಲಿ ಹೇಳಿದವರ ಹೆಸರು ಕಾಗದಕ್ಕೆ ಬರಲ್ಲ. ಮುಂದಿನ ಸಾಲಿನಲ್ಲಿ ನಿಂತವನ ಬಕ್ಕಲ್ ನಂಬರ್ ಬರುತ್ತೆ. ನಿನಗೆ ನ್ಯಾಯ ಬೇಕು ಅಂದ್ರೆ ಆಜ್ಞೆಯಿಂದ ಲೆಕ್ಕ ಶುರು ಮಾಡು, ಲಾಠಿಯಿಂದ ಅಲ್ಲ.

ವಕೀಲೆ: ಅದನ್ನ ಒಪ್ಪಿದೆ. ಸುಪ್ರೀಂ ಕೋರ್ಟ್ ಕೂಡ ಅಲ್ಲಿಂದಲೇ ಶುರು ಮಾಡಿದ್ದು. 2011ರ ಜೂನ್‌ನಲ್ಲಿ ದೆಹಲಿಯ ರಾಮಲೀಲಾ ಮೈದಾನದಲ್ಲಿ ಮಲಗಿದ್ದ ಜನರನ್ನ ನಡುರಾತ್ರಿ ಎಬ್ಬಿಸಿ ಚದುರಿಸಿದ್ರು. ಪೆಂಡಾಲಿನೊಳಗೆ ಅಶ್ರುವಾಯು ಹಾರಿತು. ಬೆನ್ನುಮೂಳೆಗೆ ಪೆಟ್ಟಾದ ಒಬ್ಬ ಹೆಂಗಸು ಕೆಲವು ತಿಂಗಳಾದ್ಮೇಲೆ ತೀರಿಕೊಂಡ್ರು. 2012ರ ಫೆಬ್ರವರಿಯಲ್ಲಿ ತೀರ್ಪು ಬಂತು. ಆ ಹೊತ್ತಿನಲ್ಲಿ, ಆ ರೀತಿಯಲ್ಲಿ ಬಲ ಬಳಸಿದ್ದು ತಪ್ಪು ಅಂತ ಕೋರ್ಟ್ ಹೇಳ್ತು. ಜನರನ್ನ ಸೇರಿಸಿದವರ ಮೇಲೂ ಹೊಣೆ ಇದೆ ಅಂತಲೂ ಹೇಳ್ತು.

ದೊಡ್ಡಪ್ಪ: ಸೇರಿಸಿದವರ ಹೊಣೆ! ಆ ಮಾತನ್ನ ಗಟ್ಟಿಯಾಗಿ ಹೇಳು. ಅದೇ ವರ್ಷ ಮಾರ್ಚ್ 2ಕ್ಕೆ ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟ್ ಆವರಣದಲ್ಲಿ ಏನಾಯ್ತು? ಕಪ್ಪು ಕೋಟಿನವರು, ಪತ್ರಕರ್ತರು, ಪೊಲೀಸರು, ಮೂರೂ ಕಡೆಯವರು ರಕ್ತ ಸುರಿಸಿಕೊಂಡ್ರು. ಕಾನೂನು ಓದಿದವರ ಕೈಯಲ್ಲೂ ಕಲ್ಲಿತ್ತು ಕಣಮ್ಮ.

ವಕೀಲೆ: ಇತ್ತು. ನನಗದರ ನಾಚಿಕೆ ಇದೆ. ಆವತ್ತು ಲಾಠಿ ಹಿಡಿದವರಿಗೂ ಆ ನಾಚಿಕೆ ಇದ್ರೆ ನಾವಿಬ್ರೂ ಒಂದೇ ಕಡೆ ನಿಲ್ತೀವಿ.

ದೊಡ್ಡಪ್ಪ: ಇದೆ. ಇಲ್ಲ ಅಂತ ಯಾರು ಹೇಳಿದ್ರು? ಇಲಾಖೆಯಲ್ಲಿ ಅದನ್ನ ಹೇಳ್ಕೊಳ್ಳೋಕೆ ಜಾಗ ಇಲ್ಲ ಅಷ್ಟೆ. ನಾನು ಬಂದೋಬಸ್ತ್ ಮುಗಿಸಿ ಬಂದ ರಾತ್ರಿ ನಿಮ್ಮ ದೊಡ್ಡಮ್ಮ ಊಟ ಬಡಿಸೋಳು, ನಾನು ತಟ್ಟೆ ನೋಡ್ತಾ ಕೂರ್ತಿದ್ದೆ. ಯಾರನ್ನ ಹೊಡೆದೆ ಅಂತ ಅವಳು ಯಾವತ್ತೂ ಕೇಳಲಿಲ್ಲ. ನಾನೂ ಹೇಳಲಿಲ್ಲ.

ಬೀದಿ ದೀಪ ಹೊತ್ತಿಕೊಂಡಿತು. ಹುಡುಗಿ ಕೋಲನ್ನು ಕೈಗೆ ತೆಗೆದುಕೊಂಡು, ಸವೆದ ಜಾಗದ ಮೇಲೆ ಹೆಬ್ಬೆರಳು ಆಡಿಸಿದಳು.

ವಕೀಲೆ: ಜನ ಅಂದ್ರೆ ಯಾವಾಗಲೂ ಎದುರಾಳಿ ಅಂತಲೂ ಅಲ್ಲವಲ್ಲ ದೊಡ್ಡಪ್ಪ. 2025ರ ಜೂನ್ 4ಕ್ಕೆ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತಕ್ಕೆ 11 ಜನ ಸತ್ರು. ಅವರು ಯಾರ ವಿರುದ್ಧನೂ ಘೋಷಣೆ ಕೂಗೋಕೆ ಬಂದಿರಲಿಲ್ಲ. ಕಪ್ ಗೆದ್ದ ಖುಷಿಗೆ ಬಂದಿದ್ರು. ಅಲ್ಲಿ ಬೇಕಾಗಿದ್ದದ್ದು ಎಷ್ಟು ಜನ ಬರ್ತಾರೆ ಅನ್ನೋ ಅಂದಾಜು, ತೆರೆದ ಬಾಗಿಲು, ಸರಿಯಾದ ಮಾಹಿತಿ. ಜನರನ್ನ ನಿಭಾಯಿಸೋದು ಅಂದ್ರೆ ಮೊದಲು ಅದು. ನಮ್ಮಲ್ಲಿ ಮೊದಲು ನೆನಪಾಗೋದು ಲಾಠಿ.

ದೊಡ್ಡಪ್ಪ: ಅಲ್ಲಿ ನೀನು ಗೆದ್ದೆ ಅನ್ಕೊ. ಆದ್ರೆ ಬೆಂಕಿ ಹಿಡಿದುಕೊಂಡು ಬಂದ ಗುಂಪಿಗೆ ಅಂದಾಜು, ಬಾಗಿಲು ಸಾಕಾಗಲ್ಲ. ಅಂಥ ಹೊತ್ತಿಗೆ ನನ್ನ ಕೈಗೆ ಏನೋ ಒಂದು ಬೇಕು. ಗುಂಡಿಗಿಂತ ಕಡಿಮೆದು ಬೇಕು.

ವಕೀಲೆ: ಇಟ್ಕೊಳ್ಳಿ. ಇಟ್ಕೊಂಡಿದ್ದಕ್ಕೆ ಗುಂಡಿನಷ್ಟೇ ಲೆಕ್ಕನೂ ಇಡಿ. ನನ್ನ ಬೇಡಿಕೆ ಅಷ್ಟೇ.

ದೊಡ್ಡಪ್ಪ: ಲೆಕ್ಕ ಇಡೋರಿಗೆ ಊಟ, ನಿದ್ದೆ, ಒಳ್ಳೇ ಹೆಲ್ಮೆಟ್, ವರ್ಷಕ್ಕೊಂದು ಸಲವಾದ್ರೂ ಸರಿಯಾದ ತರಬೇತಿ ಕೊಡಿಸು ಅಂತ ನಿನ್ನ ಕೋರ್ಟಿನಲ್ಲೂ ಕೇಳು. ನನ್ನ ಬೇಡಿಕೆನೂ ಅಷ್ಟೇ.

ವಕೀಲೆ: ನೀವು ಆ ಮಣಿಕಟ್ಟು, ಭುಜದ ವಿಷಯ ಹೇಳಿದ್ರಲ್ಲ, ಅದನ್ನ ಬರೆದಿಡಿ ದೊಡ್ಡಪ್ಪ. ಆನೆ ದಾರಿ ವಿಷಯನೂ. ಈ ಊರಿನ ತರಬೇತಿ ಶಾಲೆಗೆ ಬರೋ ಹುಡುಗರು, ಹುಡುಗಿಯರು ಅದನ್ನ ನಿಮ್ಮ ಬಾಯಿಂದ ಕೇಳಬೇಕು.

ದೊಡ್ಡಪ್ಪ: ನೋಡೋಣ. ಮುಂದಿನ ಭಾನುವಾರ ನಿಮ್ಮಮ್ಮನ್ನ ಕರ್ಕೊಂಡು ಬಾ. ಆ ಕಾಲಿನ ಬಗ್ಗೆ ನಾನು ಇವತ್ತಿಗೂ ಒಂದು ಸಲನೂ ಕೇಳಿಲ್ಲ.

ಮಾತು ಅಲ್ಲಿಗೆ ನಿಂತಿತು. ಇಬ್ಬರಲ್ಲಿ ಯಾರೂ ಇನ್ನೊಬ್ಬರನ್ನು ಪೂರ್ತಿ ಒಪ್ಪಿಸಲಿಲ್ಲ. ಗುಂಡಿನ ಬದಲು ಇನ್ನೊಂದು ಸಾಧನ ಕೈಯಲ್ಲಿರಬೇಕೆಂಬ ಹಿರಿಯರ ಮಾತು ನರಗುಂದ, ಹಾವೇರಿಗಳ ಎದುರು ನಿಜವಾಗಿಯೇ ನಿಲ್ಲುತ್ತದೆ. ಆ ಸಾಧನಕ್ಕೆ ಇಟ್ಟ ಸೌಮ್ಯ ಹೆಸರೇ ಅದರ ಬಳಕೆಯನ್ನು ಸಲೀಸಾಗಿಸುತ್ತದೆಂಬ ಕಿರಿಯಳ ಮಾತು ಜಾಲಹಳ್ಳಿ ಕ್ರಾಸಿನಲ್ಲಿ ಏಟು ತಿಂದ ಒಂದು ಕಾಲಿನ ಎದುರು ನಿಜವಾಗಿಯೇ ನಿಲ್ಲುತ್ತದೆ. ಇಬ್ಬರೂ ಸೇರಿ ನಮ್ಮ ಪಾಲಿಗೆ ಒಂದು ಕೆಲಸ ಉಳಿಸಿದ್ದಾರೆ. ಇನ್ನು ಮುಂದೆ ಪತ್ರಿಕೆಯಲ್ಲಿ ‘ಲಘು ಲಾಠಿ ಪ್ರಹಾರ’ ಎಂದು ಓದಿದಾಗ ದಯವಿಟ್ಟು ಪುಟ ತಿರುಗಿಸಬೇಡಿ. ಚದುರಿ ಎಂದು ಹೇಳಿದ್ದು ಜನರಿಗೆ ಕೇಳಿಸಿತ್ತೇ, ಓಡಲು ದಾರಿ ಇತ್ತೇ, ಆಜ್ಞೆ ಕೊಟ್ಟವರು ಯಾರು, ಆಸ್ಪತ್ರೆ ಸೇರಿದವರು ಎಷ್ಟು ಎಂದು ಕೇಳಿ. ಬರೆಯುವವರು ನೀವಾಗಿದ್ದರೆ, ಆ ‘ಲಘು’ ಬರೆಯುವ ಮೊದಲು ಏಟು ತಿಂದವರಲ್ಲಿ ಒಬ್ಬರನ್ನಾದರೂ, ಏಟು ಕೊಟ್ಟವರಲ್ಲಿ ಒಬ್ಬರನ್ನಾದರೂ ಮಾತಾಡಿಸಿ.